ಬೌಂಡರಿಯೊಳಗಿನ ಗೂಡು

ಶುಕ್ರವಾರದ ಕೊನೆಯ ಅವಧಿ ಚಿತ್ರಕಲೆಯದು. ಕಮತಗಿಯ ಪ್ರೌಢಶಾಲೆಯ ಎಂಟನೆಯ ತರಗತಿಯಲ್ಲಿ ಆ ದಿನ ಎಲ್ಲಿ ನೋಡಿದರೂ ಹುಲಿಗಳೇ. ಬೆಂಚಿನ ಮೇಲೆ ಹುಲಿ, ನೆಲದ ಮೇಲೆ ಹುಲಿ, ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಟ್ಟ ಹುಲಿ. ಕೆಲವು ಹುಲಿಗಳ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಕೆಲವಕ್ಕೆ ಪಕ್ಕದಲ್ಲೊಂದು ಕೊಡಲಿ, ಕಡಿದ ಮರ. ಮಾರ್ಚ್ ಮೊದಲ ವಾರ ವಿಶ್ವ ವನ್ಯಜೀವಿ ದಿನಕ್ಕೆಂದು ಬಾಗಲಕೋಟೆಯ ನವನಗರದಲ್ಲಿ ಮಕ್ಕಳ ಚಿತ್ರ ಸ್ಪರ್ಧೆ ಇತ್ತು. ಇದು ಅದರ ತಯಾರಿ.

ಚಿತ್ರಕಲಾ ಶಿಕ್ಷಕಿ ಪ್ರಾಚಿ ಒಂದೊಂದೇ ಹಾಳೆ ನೋಡುತ್ತ ಹಿಂದಿನ ಬೆಂಚಿನವರೆಗೆ ಹೋಗಿ ತಿರುಗಿ ನಿಂತರು.

"ಇಷ್ಟು ಹುಲಿ ಬರದೀರಲ್ಲ, ನಿಮ್ಮೊಳಗ ಹುಲಿ ನೋಡಿದವರು ಯಾರಿದ್ದೀರಿ?"

"ಮೊಬೈಲನ್ಯಾಗ ನೋಡೇವ್ರಿ ಅಕ್ಕೋರ," ಎಂದ ಸಾಹಿಲ. ತರಗತಿಯೆಲ್ಲ ನಕ್ಕಿತು. ಪ್ರಾಚಿಗೂ ನಗು ತಡೆಯಲಾಗಲಿಲ್ಲ.

"ಹೋದ ವರ್ಷ ಹುಲಿಗೇ ಬಹುಮಾನ ಬಂದಿತ್ರಿ," ಎಂದಳೊಬ್ಬ ಹುಡುಗಿ.

"ಬಂದಿತ್ತು. ಬಹುಮಾನ ತಗೊಂಡ ಹುಡುಗ ಮನಿಗೆ ಹೋಗುವಾಗ ಓತಿಕ್ಯಾತಕ್ಕ ಕಲ್ಲು ಒಗೀಲಿಕತ್ತಿದ್ದ. ನಾನ ನೋಡೇನಿ." ಪ್ರಾಚಿ ಮುಂದೆ ಬಂದು ಮೇಜಿಗೆ ಒರಗಿದರು. "ಈ ಸಲ ಕಣ್ಣಾರೆ ಕಂಡದ್ದನ್ನ ಬರಿಯೋಣ. ನಾಯಿ, ಎಮ್ಮಿ ಬ್ಯಾಡ, ಯಾರೂ ಸಾಕಲಾರದ ಜೀವ ಬೇಕು. ಅದು ಎಲ್ಲಿ ಇರ್ತದ, ಏನು ತಿಂತದ, ಯಾರಿಗೆ ಅಂಜತದ, ಎಲ್ಲಾ ನೋಡ್ಕೊಂಡು ಬರ್ರಿ."

"ನಮ್ಮೂರಾಗ ಅಂಥಾವು ಏನೂ ಇಲ್ರಿ," ಎಂದಳು ಸುಶ್ಮಿತಾ. ಅವಳು ತರಗತಿಯಲ್ಲೇ ಚೆನ್ನಾಗಿ ಚಿತ್ರ ಬರೆಯುವವಳು. ಅವಳ ಹುಲಿಯ ಮೀಸೆ ಕೂಡ ಒಂದೊಂದಾಗಿ ಎಣಿಸುವ ಹಾಗಿತ್ತು.

"ಇಲ್ಲ ಅಂತ ಖಾತ್ರಿ ಆಗೂ ಮಟ ನೋಡು," ಎಂದರು ಪ್ರಾಚಿ.

ಸುಶ್ಮಿತಾಳ ಮನೆ ಹೊಳೆಗೆ ಇಳಿಯುವ ದಾರಿಯ ಕೊನೆಯ ಓಣಿಯಲ್ಲಿತ್ತು. ತಾಯಿ ನಾಗರತ್ನಾ ಮನೆಯ ಮಗ್ಗದ ಮೇಲೆ ಇಳಕಲ್ ಸೀರೆ ನೇಯುತ್ತಿದ್ದಳು. ತಂದೆ ಇಳಕಲ್ಲಿನಲ್ಲಿ ಪಾವರ್‌ಲೂಮಿನ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಅಣ್ಣ ಶಂಭು ಊರಲ್ಲೇ ನೂಲಿಗೆ ಬಣ್ಣ ಹಾಕುತ್ತಿದ್ದ. ಅವನ ಕೈಗಳು ಮೊಣಕೈವರೆಗೆ ಕೆಂಪೋ ನೀಲಿಯೋ ಆಗಿರುತ್ತಿದ್ದವು. ಆದರೆ ಊರಿಗೆ ಅವನು ಗೊತ್ತಿದ್ದದ್ದು ಕ್ರಿಕೆಟ್ ತಂಡದ ಕ್ಯಾಪ್ಟನ್ ಎಂದು. ಈ ವರ್ಷ ಹೋಳಿ ಹಬ್ಬಕ್ಕೆ ಅವನು ಮೊದಲ ಸಲ ಟೂರ್ನಮೆಂಟ್ ಇಟ್ಟಿದ್ದ. ಹುನಗುಂದ, ಇಳಕಲ್, ಬಾದಾಮಿಯ ತಂಡಗಳು ಬರುತ್ತೇವೆಂದಿದ್ದವು. ಬಸ್ ನಿಲ್ದಾಣದಲ್ಲಿ ಬ್ಯಾನರ್ ಕಟ್ಟಿಯಾಗಿತ್ತು.

ಆಟದ ಜಾಗವೆಂದರೆ ಹೊಳೆಯೇ. ಬೇಸಿಗೆ ಬಂತೆಂದರೆ ಮಲಪ್ರಭೆ ಒಂದು ಬದಿಗೆ ಸರಿದು ಸಣ್ಣಗೆ ಹರಿಯುತ್ತಾಳೆ. ಉಳಿದದ್ದೆಲ್ಲ ಉಸುಕು ಮತ್ತು ಹರಳುಗಲ್ಲಿನ ಬಯಲು. ಅಲ್ಲಿ ಶಂಭು ಆಗಲೇ ಸುಣ್ಣದಿಂದ ಬೌಂಡರಿ ಗೆರೆ ಎಳೆದಿದ್ದ.

ಶನಿವಾರ ಶಾಲೆ ಬೇಗ ಬಿಟ್ಟಿತು. ಸುಶ್ಮಿತಾ ಹಾಳೆ, ಪೆನ್ಸಿಲ್ ಹಿಡಿದು ಹೊಳೆಗೆ ಇಳಿದಳು. ಸುಣ್ಣದ ಗೆರೆ ದಾಟಿ ಸ್ವಲ್ಪ ಹೋಗಿದ್ದಳಷ್ಟೇ, ತಲೆಯ ಮೇಲೆ ಏನೋ ಸುಂಯ್ ಎಂದು ಹಾದುಹೋಯಿತು. ಬೆಚ್ಚಿ ಕೂತಳು. ಬೂದು ಬೆನ್ನಿನ, ಕರಿ ಟೊಪ್ಪಿಗೆ ಹಾಕಿದಂಥ ತಲೆಯ, ಹಳದಿ ಕೊಕ್ಕಿನ ಹಕ್ಕಿಯೊಂದು ಮೇಲೇರಿ ಒದರುತ್ತ ಮತ್ತೆ ಅವಳ ಕಡೆಗೇ ಎರಗಿತು. ಅದರ ಬಾಲ ತೆರೆದ ಕತ್ತರಿಯ ಹಾಗಿತ್ತು. ಅವಳು ಓಡಿಹೋಗಿ ದಂಡೆಯ ಜಾಲಿಗಿಡದ ನೆರಳು ಸೇರಿದ ಮೇಲೆಯೇ ಅದು ಸುಮ್ಮನಾಯಿತು.

ಇಷ್ಟು ಸಿಟ್ಟು ಯಾಕೆ ಎಂದು ಅವಳಿಗೆ ತಿಳಿಯಲಿಲ್ಲ. ಕೂತು ನೋಡಿದಳು. ಹಕ್ಕಿ ಅವಳಿಗೆ ಚೆನ್ನಾಗಿ ಕಾಣುವಷ್ಟು ಹತ್ತಿರದಲ್ಲೇ ಇಳಿದು, ರೆಕ್ಕೆ ಮಡಚಿ, ಉರಿಬಿಸಿಲಿನಲ್ಲಿ ಕಾದ ಕಲ್ಲುಗಳ ಮೇಲೆ ಕುಳಿತಿತು. ಸ್ವಲ್ಪ ಹೊತ್ತಿಗೆ ಎದ್ದು ನೀರಿನ ಕಡೆ ಹಾರಿ, ಹೊಟ್ಟೆಯನ್ನಷ್ಟೇ ನೀರಿಗೆ ತಾಗಿಸಿ, ಮರಳಿ ಅದೇ ಜಾಗಕ್ಕೆ ಬಂದು ಕುಳಿತಿತು. ಮತ್ತೆ ಹೋಯಿತು. ಮತ್ತೆ ಬಂತು. ಅದು ಎದ್ದುಹೋದಾಗ ಸುಶ್ಮಿತಾ ಕಣ್ಣು ಕಿರಿದು ಮಾಡಿ ನೋಡಿದಳು. ಅಲ್ಲಿ ಕಲ್ಲು ಬಿಟ್ಟರೆ ಏನೂ ಇರಲಿಲ್ಲ.

ಹಾಗಾದರೆ ಕಲ್ಲುಗಳನ್ನೇ ಬರೆಯೋಣ ಎಂದುಕೊಂಡಳು. ಹುಲಿಯ ಮೀಸೆ ಬರೆದಷ್ಟೇ ತಾಳ್ಮೆಯಿಂದ ಆ ಜಾಗದ ಒಂದೊಂದು ಹರಳನ್ನೂ ಹಾಳೆಗೆ ಇಳಿಸಿದಳು. ಕಲ್ಲುಗಳಿಗೆ ಒಡೆದ ಅಂಚು ಇತ್ತು, ನೆರಳು ಚೂಪಾಗಿ ಬಿದ್ದಿತ್ತು. ಒಂದು ಕಡೆ ಮಾತ್ರ ಪೆನ್ಸಿಲ್ ತಾನಾಗಿಯೇ ದುಂಡಗೆ ತಿರುಗಿತು. ಪಕ್ಕದಲ್ಲಿ ಮತ್ತೊಂದು, ಅದರ ಪಕ್ಕ ಇನ್ನೊಂದು. ಬಣ್ಣ ಕಲ್ಲಿನದೇ, ಮೇಲಿನ ಕಂದು ಚುಕ್ಕೆಗಳೂ ಕಲ್ಲಿನವೇ. ಆದರೆ ಅವು ಕಲ್ಲುಗಳಾಗಿರಲಿಲ್ಲ.

ತತ್ತಿಗಳನ್ನು ಕಂಡ ಮೇಲೆ ಅವಳಿಗೆ ಆ ಬಯಲು ಮೊದಲಿನಂತೆ ಕಾಣಲೇ ಇಲ್ಲ. ಅಲ್ಲೊಂದು ಹಕ್ಕಿ ಕುಳಿತಿದೆ, ಇಲ್ಲೊಂದು ಕುಳಿತಿದೆ. ಎಲ್ಲ ಬೌಂಡರಿ ಗೆರೆಯ ಒಳಗೇ.

ಸಂಜೆ ಮನೆಯಲ್ಲಿ ಅಣ್ಣನಿಗೆ ಹೇಳಿದಳು. ಶಂಭು ಬ್ಯಾಟಿನ ಹಿಡಿಕೆಗೆ ಹೊಸ ಟೇಪ್ ಸುತ್ತುತ್ತಿದ್ದ.

"ಅಷ್ಟ ಹೌದಿಲ್ಲೋ? ತತ್ತಿ ಎತ್ತಿ ಆಚಿಗೆ ಇಟ್ರಾತು."

"ಎತ್ತಿಟ್ರ ತಾಯಿ ಅಲ್ಲಿಗೆ ಬರೂದಿಲ್ಲ ಅಣ್ಣಾ. ಬಿಸಲಿಗೆ ಬೆಂದು ಹೊಕ್ಕಾವು. ಅದು ಹೊಟ್ಟಿ ತೋಯಿಸ್ಕೊಂಡು ಬಂದು ತಂಪು ಮಾಡ್ತೈತಿ, ನಾ ನೋಡೇನಿ."

"ಮತ್ತ ನಾವೆಲ್ಲಿ ಆಡೂದು?" ಶಂಭುವಿನ ದನಿ ಏರಲಿಲ್ಲ, ಆದರೆ ಟೇಪ್ ಸುತ್ತುವ ಕೈ ನಿಂತಿತು. "ಸಾಲಿ ಮೈದಾನದಾಗ ಆಡಿದ್ರ ಆಜೂಬಾಜೂದವ್ರು ಕಿಟಕಿ ಒಡೀತೈತಿ ಅಂತಾರ. ರಸ್ತೆದಾಗ ಆಡಿದ್ರ ಪೊಲೀಸ್ರು ಬೈತಾರ. ಊರ ಹುಡುಗೂರಿಗೆ ವರ್ಷದಾಗ ಎರಡು ತಿಂಗಳು ಈ ಹೊಳಿ ಐತಿ. ಹಕ್ಕಿಗೆ ಹಾರಾಕ ರೆಕ್ಕಿ ಅದಾವು, ಎಲ್ಲಿಗೆ ಬೇಕಾದ್ರೂ ಹೊಕ್ಕೈತಿ. ನಾವು ಎಲ್ಲಿಗೆ ಹೋಗೂಣು?"

ಅಣ್ಣ ಹೇಳಿದ್ದು ಸುಳ್ಳಾಗಿರಲಿಲ್ಲ. ಮಗ್ಗದ ಕಡೆಯಿಂದ ನಾಗರತ್ನಾ ಹೇಳಿದಳು: "ಅವಾ ಭಾಳ ಆಸೆ ಇಟ್ಕೊಂಡಾನವಾ. ನೀ ಚಿತ್ರ ಬರಿ. ಉಳದದ್ದು ದೊಡ್ಡವ್ರು ನೋಡ್ಕೋತಾರ."

ಸೋಮವಾರ ಸುಶ್ಮಿತಾ ಹಾಳೆ ತಂದು ತೋರಿಸಿದಾಗ ಪ್ರಾಚಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಸಂಜೆ ತಾವೂ ಹೊಳೆಗೆ ಬಂದರು. "ಇದಕ್ಕ ಪುಸ್ತಕದಾಗ ಹೊಳೆ ರೀವ ಅಂತಾರ. ನಾನೂ ಚಿತ್ರದಾಗಷ್ಟ ನೋಡಿದ್ದೆ," ಎಂದರು. ಜಾಗ ನೋಡಲು ಬಂದಿದ್ದ ಶಂಭು ದಂಡೆಯ ಮೇಲೆ ಸಿಕ್ಕ.

"ನಿಮ್ಮ ಟೂರ್ನಮೆಂಟ್ ಬಂದ್ ಮಾಡ್ರಿ ಅನ್ಲಿಕ್ಕೆ ಬಂದಿಲ್ಲ," ಎಂದರು ಪ್ರಾಚಿ. "ಬ್ಯಾರೆ ಜಾಗಾ ಸಿಗ್ತದೇನು, ಒಮ್ಮೆ ವಿಚಾರ ಮಾಡ್ರಿ."

"ಎಲ್ಲಾ ಕಡೆ ಕೇಳೇನ್ರಿ ಅಕ್ಕೋರ. ಕೇಳಿದ ಮ್ಯಾಲೇ ಇಲ್ಲಿಗೆ ಬಂದದ್ದು. ತಂಡದವ್ರಿಗೆ ಹೇಳಿ ಆಗೈತಿ, ಈಗ ಮಾತು ತಪ್ಪಿದ್ರ ನಾಳೆ ನಮ್ಮೂರಿಗೆ ಯಾರೂ ಬರೂದಿಲ್ಲ. ರವಿವಾರ ಸಂಜಿಗೆ ಟ್ರ್ಯಾಕ್ಟರ್ ಬರ್ತೈತಿ, ನೆಲಾ ಸಪಾಟ್ ಮಾಡ್ತೇವಿ." ಆಮೇಲೆ ತಂಗಿಯ ಮುಖ ನೋಡಿ ದನಿ ತಗ್ಗಿಸಿದ. "ನೋಡೂಣ್ರಿ."

ನೋಡೋಣ ಎಂದರೆ ಇಲ್ಲ ಎಂದೇ ಅರ್ಥ ಎಂಬುದು ಸುಶ್ಮಿತಾಳಿಗೆ ಗೊತ್ತಿತ್ತು.

ಸ್ಪರ್ಧೆಯೂ ಅದೇ ರವಿವಾರ. ಮಕ್ಕಳ ಜೊತೆ ಮನೆಯ ಹಿರಿಯರೊಬ್ಬರು ಬರಲಿ ಎಂದು ಪ್ರಾಚಿ ಹೇಳಿದ್ದರು. ತಾಯಿ ಸೀರೆ ಮುಗಿಸಿ ಕೊಡಬೇಕಿತ್ತು, ಹಾಗಾಗಿ ಶಂಭುವೇ ತಂಗಿಯನ್ನು ಬೆಳಗಿನ ಬಸ್ಸಿನಲ್ಲಿ ಬಾಗಲಕೋಟೆಗೆ ಕರೆದುಕೊಂಡು ಹೋದ.

ನವನಗರದಲ್ಲಿ ಸ್ಪರ್ಧೆಯ ಸಭಾಭವನದಲ್ಲಿ ಜಿಲ್ಲೆಯ ಎಲ್ಲ ಕಡೆಯ ಮಕ್ಕಳಿದ್ದರು. ಬಾಯಿಪಾಠ ಮಾಡಿಕೊಂಡು ಬಂದ ಹುಲಿಗಳು ಅಲ್ಲಿಯೂ ಬಹಳ ಇದ್ದವು. ಸಾಹಿಲ ತನ್ನ ಮನೆಯ ಜಂತೆಯ ಬಾವಲಿಯನ್ನು ಬರೆದ. ಬಾದಾಮಿಯ ಹುಡುಗನೊಬ್ಬ ಪ್ರವಾಸಿಗರ ಕೈಯಿಂದ ಚಿಪ್ಸ್ ಕಸಿಯುವ ಮಂಗನನ್ನು ಬರೆದಿದ್ದ. ಸುಶ್ಮಿತಾ ಬಾಗಿ ಕುಳಿತವಳು ತಲೆ ಎತ್ತಲಿಲ್ಲ.

ಚಿತ್ರಗಳನ್ನು ಗೋಡೆಗೆ ಹಚ್ಚುವ ಹೊತ್ತಿಗೆ ಶಂಭುವಿನ ಫೋನ್ ಬಡಿಯಿತು. ಗೆಳೆಯ ಇಮಾಮಹುಸೇನ. ತಂಡದ ವೇಗದ ಬೌಲರ್, ಟ್ರ್ಯಾಕ್ಟರ್ ಅವನದೇ.

"ಲೇ ಶಂಭು, ಸಂಜಿಗೆ ನಂಗ ಬ್ಯಾರೆ ಬಾಡಿಗಿ ಬಂದೈತಿ. ಈಗ ಹೊಳಿಗೆ ಹೋಗಿ ಕೆಲಸ ಮುಗಿಸಿ ಬಿಡ್ಲೇನು?"

ಶಂಭು ಒಂದು ಕ್ಷಣ ತಂಗಿಯ ಕಡೆ ನೋಡಿದ. ಅವಳು ದೂರದಲ್ಲಿ ಬ್ರಷ್ ತೊಳೆಯುತ್ತಿದ್ದಳು. ಅವಳ ಕಣ್ಣೆದುರು ಆಗುವುದಕ್ಕಿಂತ ಇದೇ ವಾಸಿ ಎನಿಸಿತು. "ಹೂಂ, ಮಾಡು," ಎಂದ.

ತೀರ್ಪುಗಾರರಲ್ಲಿ ಹಿರಿಯರು ಜಯಂತ ಸರ್, ಬಾಗಲಕೋಟೆಯ ಚಿತ್ರಕಾರರು. ಸುಶ್ಮಿತಾಳ ಹಾಳೆಯ ಮುಂದೆ ನಿಂತು ಕನ್ನಡಕ ಏರಿಸಿದರು. ಹಾಳೆಯ ತುಂಬ ಹರಳುಗಲ್ಲು. ನಡುವೆ ಬಾಗಿ ಹೋದ ಬಿಳಿ ಗೆರೆ. ಮೂಲೆಯಲ್ಲಿ ನೆಟ್ಟ ಸ್ಟಂಪು. ಮೇಲೆ ಹಾರಿ ಬರುತ್ತಿರುವ ಹಕ್ಕಿ, ಅದರ ಹೊಟ್ಟೆಯಿಂದ ತೊಟ್ಟಿಕ್ಕುವ ನೀರು.

"ಹಕ್ಕಿ ಒಂದ ಅದ. ಇಷ್ಟೆಲ್ಲಾ ಕಲ್ಲು ಯಾಕವಾ?" ಎಂದು ಕೇಳಿದರು.

"ಎಲ್ಲಾ ಕಲ್ಲಲ್ರಿ ಸರ. ತತ್ತಿ ಭಾಳ ಅದಾವ್ರಿ."

ಜಯಂತ ಬಗ್ಗಿದರು. ಉಳಿದ ತೀರ್ಪುಗಾರರೂ ಬಗ್ಗಿದರು. ಸುತ್ತ ಜನ ಸೇರಿತು. ಇದಿರಬಹುದು, ಅದಿರಬಹುದು ಎಂದು ಬೆರಳು ತೋರಿಸತೊಡಗಿದರು. ಸುಶ್ಮಿತಾ ಒಂದೊಂದಕ್ಕೂ ಅಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದಳು. ಶಂಭುವೂ ಜನರ ನಡುವಿನಿಂದ ಮುಂದೆ ಬಂದ. ಆ ಗೆರೆ ಅವನೇ ಎಳೆದದ್ದು, ಆ ಸ್ಟಂಪು ಅವನೇ ನೆಟ್ಟದ್ದು. ಆ ಬಯಲಿನಲ್ಲಿ ಅವನು ಎಷ್ಟೋ ಸಲ ನಡೆದಿದ್ದ.

"ಇದು?" ಎಂದು ಬೆರಳಿಟ್ಟ.

"ಅದು ಕಲ್ಲು ಅಣ್ಣಾ."

"ಇದು?"

"ಅದೂ ಕಲ್ಲು." ಸುಶ್ಮಿತಾ ಅವನ ನೀಲಿ ಬೆರಳನ್ನು ಹಿಡಿದು ಸ್ಟಂಪಿನಿಂದ ಒಂದು ಗೇಣು ಹಿಂದಕ್ಕೆ ಸರಿಸಿದಳು. "ಇಲ್ಲಿ. ಇಮಾಮಣ್ಣ ಬೌಲಿಂಗ್ ಮಾಡಾಕ ಓಡಿ ಬರ್ತಾನಲ್ಲ, ಆ ದಾರ್ಯಾಗ."

ಬೆರಳಿನ ಕೆಳಗೆ ಮೂರು ತತ್ತಿಗಳು ಕಾಣಿಸಿದವು. ಕಂಡ ಮೇಲೆ ಇಷ್ಟು ಹೊತ್ತು ಹೇಗೆ ಕಾಣಲಿಲ್ಲ ಎನ್ನುವಷ್ಟು ಸ್ಪಷ್ಟವಾಗಿ ಕಾಣಿಸಿದವು. ನಂತರ ಅವಳು ಇನ್ನೊಂದು ಗೂಡು ತೋರಿಸಿದಳು, ಮತ್ತೊಂದು. ಹಕ್ಕಿಗೆ ರೆಕ್ಕೆ ಇದೆ ಎಂದಿದ್ದ ಅವನು. ಇವಕ್ಕೆ ಇರಲಿಲ್ಲ.

ಶಂಭು ಜನರನ್ನು ದಾಟಿ ಹೊರಗೆ ಬಂದು ಇಮಾಮಹುಸೇನನಿಗೆ ಫೋನ್ ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ. ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸುವುದಿಲ್ಲ ಎಂದು ಹೊಳೆದಾಗ ತಾಯಿಗೆ ಹಚ್ಚಿದ.

"ಅವ್ವಾ, ಮಗ್ಗ ಬಿಟ್ಟು ಹೊಳಿಗೆ ಓಡು. ಇಮಾಮನ ಟ್ರ್ಯಾಕ್ಟರ್ ನಿಂದ್ರಿಸು. ಯಾಕ ಅಂತ ಆಮ್ಯಾಲ ಹೇಳ್ತೇನಿ."

ಸುಶ್ಮಿತಾ ಹಿಂದೆಯೇ ಬಂದಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅಣ್ಣನ ಮುಖವನ್ನೇ ನೋಡಿದಳು. ಆ ನೋಟವನ್ನು ಶಂಭುವಿಗೆ ಎದುರಿಸಲಾಗಲಿಲ್ಲ. ವಿಷಯ ತಿಳಿದ ಜಯಂತ ಸರ್ ತಮ್ಮ ಕಾರಿನ ಕೀಲಿಕೈ ತೆಗೆದರು. "ಬರ್ರಿ, ನಾ ಬಿಡ್ತೇನಿ. ತೀರ್ಪು ಉಳಿದವರು ಕೊಡ್ತಾರ. ನಂದು ಹೇಳಿಯಾಗ್ಯದ."

ಅವರು ಹೊಳೆ ಮುಟ್ಟಿದಾಗ ಟ್ರ್ಯಾಕ್ಟರ್ ನಿಂತಿತ್ತು. ಅದರ ಮುಂದೆ ನಾಗರತ್ನಾ ನಿಂತಿದ್ದಳು. ಚಪ್ಪಲಿ ಇಲ್ಲದ ಕಾಲುಗಳು ಕಾದ ಕಲ್ಲಿನ ಮೇಲಿದ್ದವು. ಸೆರಗನ್ನು ತಲೆಯ ಮೇಲೆ ಹಿಡಿದಿದ್ದಳು, ಹಕ್ಕಿಗಳು ಸುತ್ತಲೂ ಒದರುತ್ತ ಎರಗುತ್ತಿದ್ದವು. ದಂಡೆಯ ಮೇಲೆ ಓಣಿಯ ಹೆಂಗಸರು ಕೂಗಿ ಕರೆಯುತ್ತಿದ್ದರು. ಅವಳು ಕದಲಲಿಲ್ಲ.

"ಅವ್ವಾ, ಈ ಕಡೆ ಬಾ," ಎಂದು ಶಂಭು ಕೂಗಿದ.

"ಹೆಂಗ ಬರ್ಲೋ? ತತ್ತಿ ಎಲ್ಲಿ ಅದಾವೋ ತಿಳೀವಲ್ದು. ಎಲ್ಲಿ ಕಾಲಿಡ್ಲಿ ಹೇಳು." ಅವಳು ಬಂದು ನಿಂತಲ್ಲಿಂದ ಒಂದು ಹೆಜ್ಜೆಯನ್ನೂ ಕಿತ್ತಿರಲಿಲ್ಲ.

ಸುಶ್ಮಿತಾ ಇಳಿದು ಹೋದಳು. ನೆಲ ನೋಡುತ್ತ, ನಿಲ್ಲುತ್ತ, ಬಳಸುತ್ತ ತಾಯಿಯನ್ನು ಮುಟ್ಟಿ ಕೈ ಹಿಡಿದಳು. "ನಾ ಇಟ್ಟಲ್ಲೇ ಕಾಲಿಡವ್ವಾ." ಇಬ್ಬರೂ ಹಾಗೆಯೇ ಹಿಂದಕ್ಕೆ ಬಂದರು. ನಾಗರತ್ನಾಳ ಅಂಗಾಲು ಕೆಂಪೇರಿತ್ತು. ಶಂಭು ತನ್ನ ಚಪ್ಪಲಿ ಕಳಚಿ ತಾಯಿಯ ಮುಂದಿಟ್ಟ.

ಬಯಲಿನ ಒಂದು ಅಂಚನ್ನು ಟ್ರ್ಯಾಕ್ಟರ್ ಆಗಲೇ ಕೆರೆದಿತ್ತು. ಆ ಕೆರೆದ ನೆಲದ ಮೇಲೆ ಒಂದು ಜೋಡಿ ಹಕ್ಕಿಗಳು ಇಳಿಯುತ್ತಿದ್ದವು, ಏಳುತ್ತಿದ್ದವು, ಕೂರಲು ಜಾಗ ಸಿಗದೆ ಮತ್ತೆ ಏಳುತ್ತಿದ್ದವು.

ಇಮಾಮಹುಸೇನ ಟ್ರ್ಯಾಕ್ಟರಿನಿಂದ ಇಳಿದು ಬಂದ. ಅವನ ಮುಖ ಬಾಡಿತ್ತು. "ನಂಗ ಗೊತ್ತಿದ್ರ ಇಲ್ಲಿ ಇಳಸ್ತಿದ್ನೇನಲೇ? ನೀನ ಮಾಡು ಅಂದಿ."

"ಹೌದು," ಎಂದ ಶಂಭು. "ನಾನ ಅಂದೆ." ಅವನು ಆ ಜೋಡಿಯ ಕಡೆ ನೋಡಿದ. "ಇಲ್ಲಿ ಆಡೂದು ಬ್ಯಾಡ."

"ಮತ್ತ ಟೂರ್ನಮೆಂಟ್?"

"ಜಾಗಾ ಸಿಕ್ರ ಆಡೂಣು. ಸಿಗಲಿಲ್ಲಂದ್ರ ಎಲ್ಲಾರಿಗೂ ನಾನ ಫೋನ್ ಮಾಡಿ ಬೈಸ್ಕೋತೇನಿ."

ಇಮಾಮಹುಸೇನ ತಲೆ ಕೆರೆದುಕೊಂಡ. "ನಮ್ಮ ಕಡ್ಲಿ ಕಿತ್ತ ಹೊಲ ಖಾಲಿ ಐತಿ. ಎರಿ ಭೂಮಿ, ಬಿರುಕು ಬಿಟ್ಟೈತಿ. ಅಪ್ಪಗ ಕೇಳಬೇಕು," ಎಂದ.

ಅವನ ತಂದೆ ಅಕ್ಬರಸಾಬ ಮೊದಲು ಒಪ್ಪಲಿಲ್ಲ. "ತುಳದು ತುಳದು ನೆಲಾ ಗಟ್ಟಿ ಮಾಡ್ತೀರಿ. ಮಳಿಗಾಲಕ್ಕ ನಾ ಹೆಂಗ ಹರಗ್ಲಿ?" ಎಂದ. ಅದೂ ನ್ಯಾಯದ ಮಾತೇ. ಆಟ ಮುಗಿದ ಮೇಲೆ ತಂಡದವರೇ ನಿಂತು ಹೊಲ ಹರಗಿ ಮಣ್ಣು ಸಡಿಲು ಮಾಡಿ ಕೊಡುವುದೆಂದು ಶಂಭು ಮಾತು ಕೊಟ್ಟ. ಅಕ್ಬರಸಾಬ ಸಂಜೆ ಹೊಳೆಯ ದಂಡೆಗೆ ಬಂದು, ಹೊಟ್ಟೆ ತೋಯಿಸಿಕೊಂಡು ಬರುವ ಹಕ್ಕಿಯನ್ನು ನಿಂತು ನೋಡಿದ. "ತಾಯಿ ಆಗೂದು ಯಾವ ಜೀವಕ್ಕೂ ಹಗರಲ್ಲ," ಎಂದ. "ಆಡ್ರಿ."

ಅದೇ ಸಂಜೆ ಪ್ರಾಚಿ ಉಳಿದ ಮಕ್ಕಳೊಡನೆ ಬಸ್ಸಿನಿಂದ ಇಳಿದವರು ನೇರ ಹೊಳೆಗೇ ಬಂದರು. ಅವರ ಕೈಯಲ್ಲಿ ಫಲಕವೊಂದಿತ್ತು. "ವೇದಿಕಿ ಮ್ಯಾಲೆ ನಿನ್ನ ಹೆಸರು ಕರದು ಕರದು ಸಾಕಾಯ್ತು ಅವರಿಗೆ. ಮೊದಲನೇ ಬಹುಮಾನ. ನಾನ ಹೋಗಿ ಇಸ್ಕೊಂಡೆ." ಮಕ್ಕಳು ಚಪ್ಪಾಳೆ ತಟ್ಟಲು ಕೈ ಎತ್ತಿದರು. ಸುಶ್ಮಿತಾ ತುಟಿಗೆ ಬೆರಳಿಟ್ಟಳು. ಹಕ್ಕಿಗಳು ಆಗಷ್ಟೇ ಗೂಡಿಗೆ ಮರಳಿದ್ದವು.

ಮರುದಿನದಿಂದ ಊರಿಗೆ ಹೊಸ ಕೆಲಸ ಬಂತು. ತಂಡದ ಹುಡುಗರು ಕಡಲೆ ಹೊಲದ ಬಿರುಕುಗಳಿಗೆ ಮಣ್ಣು ತುಂಬಿ, ನೀರು ಹೊಡೆದು, ಡ್ರಮ್ಮು ಉರುಳಿಸಿ ಪಿಚ್ಚು ಮಾಡಿದರು. ಶಾಲೆಯ ಮಕ್ಕಳು ಪಾಳಿಯ ಮೇಲೆ ಹೊಳೆದಂಡೆಯಲ್ಲಿ ಕೂತು, ಬೈಕ್ ತೊಳೆಯಲು ಬರುವವರನ್ನೂ ನಾಯಿಗಳನ್ನೂ ಬೇರೆ ಕಡೆಗೆ ಕಳಿಸಿದರು. ಕುರಿ ಕಾಯುವವರು ಮಂದೆಯನ್ನು ಕೆಳಗಿನ ಮಡುವಿಗೆ ತಿರುಗಿಸಿದರು. ಬಸ್ ನಿಲ್ದಾಣದ ಬ್ಯಾನರಿನಲ್ಲಿ ಜಾಗದ ಹೆಸರನ್ನು ಶಂಭು ತನ್ನ ಕೈಯಿಂದಲೇ ನೀಲಿ ಬಣ್ಣದಲ್ಲಿ ತಿದ್ದಿದ.

ಹೋಳಿಯ ದಿನ ಕಡಲೆ ಹೊಲದಲ್ಲಿ ಜನವೋ ಜನ. ಬೌಂಡರಿಯ ಸುತ್ತ ಹಗ್ಗ ಕಟ್ಟಿ, ಅದಕ್ಕೆ ಪ್ರಾಚಿಯ ತರಗತಿಯ ಚಿತ್ರಗಳನ್ನು ಸಿಕ್ಕಿಸಿದ್ದರು. ಚೆಂಡು ಒಮ್ಮೆ ಮೊಣಕಾಲಿಗೆ, ಒಮ್ಮೆ ಎದೆಗೆ ಪುಟಿಯುತ್ತಿತ್ತು. ಹುನಗುಂದದವರು ಗೊಣಗಿದರು, ಬಾದಾಮಿಯವರು ನಕ್ಕರು, ಆದರೆ ಆಡಿದರು. ಫೈನಲ್ ಪಂದ್ಯದ ಕೊನೆಯ ಓವರಿನಲ್ಲಿ ಇಮಾಮಹುಸೇನ ಹೊಡೆದ ಚೆಂಡು ಹಗ್ಗದಾಚೆ ಬಿದ್ದು ಕಮತಗಿ ಗೆದ್ದಿತು. ಹೋಳಿಗೆಂದು ತಂದಿದ್ದ ತೊಗಲಿನ ಹಲಗೆಗಳು ಒಮ್ಮೆಲೇ ಮೊಳಗಿದವು. ಶಂಭುವನ್ನು ಹೆಗಲ ಮೇಲೆ ಎತ್ತಿಕೊಂಡರು.

ಸೋತ ಇಳಕಲ್ ತಂಡದ ಕ್ಯಾಪ್ಟನ್ ಸಚಿನ ಬಂದು ಕೈ ಕುಲುಕಿದ. "ಹೊಳಿ ಬಿಟ್ಟು ಹೊಲಕ್ಕ ಯಾಕ ಬಂದ್ರಿ ಅಂತ ಮುಂಜಾನಿಂದ ಚಿತ್ರ ನೋಡಾಕತ್ತೇವಿ. ಖರೆ ಹಕ್ಕಿ ತೋರಸ್ರಲ್ಲ."

ಎಲ್ಲರೂ ಹೊಳೆಯ ಕಡೆ ಹೊರಟರು. ಬಣ್ಣ ಬಳಿದ ಮುಖಗಳು, ಹಲಗೆಯವರು, ಓಣಿಯ ಹೆಂಗಸರು, ಮಕ್ಕಳು. ದಂಡೆಯ ಅಂಚಿನಲ್ಲಿ ಶಂಭು ಎರಡೂ ಕೈ ಚಾಚಿ ಅಡ್ಡ ನಿಂತ. ಹಲಗೆಯವರು ಸದ್ದಾಗದಂತೆ ಅಂಗೈಯಿಂದ ತೊಗಲನ್ನು ಒತ್ತಿ ಹಿಡಿದರು.

ಮೊದಲು ಯಾರಿಗೂ ಏನೂ ಕಾಣಲಿಲ್ಲ. ಸುಶ್ಮಿತಾ ಸಚಿನನ ಪಕ್ಕ ನಿಂತು ಕೈ ಮಾಡಿ ತೋರಿಸಿದಳು. ಹಕ್ಕಿ ಸಣ್ಣ ಮೀನು ಕಚ್ಚಿಕೊಂಡು ಇಳಿಯಿತು. ಉಸುಕಿನ ಬಣ್ಣದ್ದೇ ಒಂದು ಪುಟ್ಟ ಉಂಡೆ ಎದ್ದು ನಿಂತು ಬಾಯಿ ತೆರೆಯಿತು. ಅದರ ಹಿಂದೆ ಇನ್ನೊಂದು ಎಡವುತ್ತ ಓಡಿ ಬಂತು.

"ಅಲ್ಲೊಂದೈತಿ," ಎಂದು ಸಚಿನ ಪಿಸುಗುಟ್ಟಿದ. "ಅಲ್ಲೂ ಐತಿ. ಅಯ್ಯ, ಎಲ್ಲಾ ಕಡೆ ಅದಾವಲ್ಲೋ."

ನಾಗರತ್ನಾ ಮಗನ ಹಿಂದೆ ನಿಂತು ಅವನ ಹೆಗಲಿನ ಮೇಲಿಂದ ನೋಡಿದಳು. ಮರಿಗಳು ಮೀನು ನುಂಗಿ, ತಾಯಿಯ ರೆಕ್ಕೆಯ ನೆರಳಿಗೆ ಸೇರಿಕೊಂಡವು.

ಸಾಕಷ್ಟು ನೋಡಿದ ಮೇಲೆ ಶಂಭು ತಿರುಗಿ, ಹಿಂದಕ್ಕೆ ನಡೆಯಿರಿ ಎಂದು ಸನ್ನೆ ಮಾಡಿದ. ಅಷ್ಟು ದೊಡ್ಡ ಗುಂಪು ಮೆತ್ತಗೆ ಹೆಜ್ಜೆ ಇಡುತ್ತ ಓಣಿ ದಾಟಿತು, ಮನೆಗಳನ್ನು ದಾಟಿತು, ಡಾಂಬರು ರಸ್ತೆಗೆ ಬಂತು. ಶಂಭು ತಂಗಿಯ ಕಡೆ ನೋಡಿದ. ಹೊಳೆಗೆ ಸದ್ದು ಕೇಳದಷ್ಟು ದೂರ ಬಂದಿದ್ದೇವೆಯೇ ಎಂದು ಸುಶ್ಮಿತಾ ಒಮ್ಮೆ ಹಿಂತಿರುಗಿ ಅಂದಾಜು ಮಾಡಿ, ತಲೆ ಆಡಿಸಿದಳು.

ಆಗ ಹಲಗೆಗಳು ಮೊಳಗಿದವು.